ಅಡುಗೆಮನೆ ಗೋಡೆಗೇರಿದ ರೀಡಿಂಗುಗಳು

ನನಗೆ ಯಾವ ಮಾತನ್ನೂ ಮಧ್ಯದಿಂದ ಹೇಳಲು ಬರುವುದಿಲ್ಲ. ಬೀಗರು ಬಂದು "ಆರಾಮ ಅದೀರಿಲ್ರಿ?" ಎಂದರೆ ಹೋದ ತಿಂಗಳ ನೆಗಡಿಯಿಂದಲೇ ಶುರು ಮಾಡುತ್ತೇನೆ. ಹೆಂಡತಿ ಗಂಗಾ ಇದನ್ನು ರೋಗ ಎನ್ನುತ್ತಾಳೆ. ನಾನು ಶಿಸ್ತು ಎನ್ನುತ್ತೇನೆ. ಎಪ್ಪತ್ತರ ದಶಕದಲ್ಲಿ ಈ ಶಿಸ್ತು ನನ್ನ ಸಂಸಾರವನ್ನೇ ಮುಳುಗಿಸುವುದರಲ್ಲಿತ್ತು.

ಆಗ ನಾನು ಟಿಕೋಟದ ಕಡೆ ಒಂದು ಸಣ್ಣ ವಿದ್ಯುತ್ ಕೇಂದ್ರದಲ್ಲಿ ಆಪರೇಟರ್. ಹಗಲೆಲ್ಲ ತಾಸಿಗೊಮ್ಮೆ ಮೀಟರ್ ನೋಡಿ, ಆ ರೀಡಿಂಗನ್ನು ವಿಜಾಪುರದ ಸಾಹೇಬರಿಗೆ ಫೋನಿನಲ್ಲಿ ಒಪ್ಪಿಸುವುದು ಕೆಲಸ. ಅವರು "ಹೂಂ" ಅಂದ ಮೇಲೆಯೇ ರಿಜಿಸ್ಟರಿಗೆ ಏರಿಸಬೇಕು. ಆ ಫೋನೋ, ಜೋರಾಗಿ ಗಾಳಿ ಬೀಸಿದರೆ ಮೌನವ್ರತ ಹಿಡಿಯುತ್ತಿತ್ತು. ಆಗಿನ ರೀಡಿಂಗುಗಳನ್ನೆಲ್ಲ ಪಾಟಿಯ, ಅಂದರೆ ಸ್ಲೇಟಿನ, ಮೇಲೆ ಬರೆದಿಟ್ಟು, ಲೈನಿಗೆ ಜೀವ ಬಂದ ಕೂಡಲೇ ಹಳೆಯದರಿಂದ ಹಿಡಿದು ಸಾಲಾಗಿ ಓದುತ್ತಿದ್ದೆ. ಪಾಟಿಯೂ ತುಂಬಿದರೆ? ಕ್ವಾರ್ಟರ್ಸು ಪಕ್ಕದಲ್ಲೇ ಇತ್ತು. ಸೀಮೆಸುಣ್ಣ ಹಿಡಿದು ಅಡುಗೆಮನೆಗೆ ನುಗ್ಗಿದೆ. ಒಲೆಯ ಹೊಗೆಗೆ ಕಪ್ಪಾದ ಗೋಡೆ, ಬರೆಯಲು ಎಷ್ಟು ಚೆಂದ ಅಂತೀರಿ!

"ಗೂಡಿನ ಮಟ ನಿಮ್ದು. ಅದರ ಆಚಿ ಬಂತಂದ್ರ ಒರಸಿ ಒಗೀತೇನಿ ನೋಡ್ರಿ" ಎಂದು ಗೋಡೆಯಲ್ಲಿನ ದೀಪದ ಗೂಡು ತೋರಿಸಿ ಗಂಗಾ ಗಡಿ ಹಾಕಿದಳು.

ಅಂಥದರಲ್ಲಿ ಸಾರವಾಡದ ಅವಳ ತವರಿನಿಂದ ಸುದ್ದಿ ಬಂತು. ತಂಗಿಯ ಕುಬಸ, ಚೊಚ್ಚಲ ಬಸುರಿ, ಅಕ್ಕ ಬಂದು ಉಡಿ ತುಂಬಲೇಬೇಕು. "ಗಂಡನ್ನ ಬಿಟ್ಟು ಒಬ್ಬಾಕೇ ಹೆಂಗ ಹೋಗ್ಲಿ? ಮಂದಿ ಏನಂದಾರು!" ಎಂದಳು. ರಜೆಯನ್ನು ಫೋನಿನಲ್ಲೇ ಕೇಳಬೇಕು, ಫೋನು ಸತ್ತಿತ್ತು. ರೀಡಿಂಗುಗಳ ಕೆಳಗೆ 'ಎರಡು ದಿನ ರಜೆ' ಎಂದು ಬರೆದೆ.

"ಲೈನ್ ಬಂದಕೂಡ್ಲೆ ಅದನ್ನ ಮೊದಲ ಕೇಳ್ರಿ."

"ಸರತಿ ಅನ್ನೋದು ಇರ್ತದ ಗಂಗಾ. ಹಳೇದು ಮೊದಲ."

ಲೈನು ಬಂತು. ಓದತೊಡಗಿದೆ. ಅರ್ಧಕ್ಕೆ ಕಟ್. ಮತ್ತೆ ಬಂತು, ಸಾಹೇಬರು ಎಲ್ಲಿಯವರೆಗೆ ಕೇಳಿಸಿಕೊಂಡರೋ ಎಂಬ ಅನುಮಾನದಿಂದ ಮೊದಲಿನಿಂದಲೇ ಓದಿದೆ. ಮತ್ತೆ ಕಟ್. ಅಷ್ಟರಲ್ಲಿ ಹೊಸ ರೀಡಿಂಗುಗಳು ಗೂಡು ದಾಟಿ ಉಪ್ಪಿನಕಾಯಿ ಭರಣಿಯ ಹಿಂದಕ್ಕೆ ನುಸುಳಿದವು. ಕುಬಸ ನಾಳೆಗೆ ಬಂತು. ಗಂಗಾಳ ಕಣ್ಣಲ್ಲಿ ನೀರು. ಆದರೂ ಸರತಿ ಸರತಿಯೇ.

ಮೀಟರ್ ನೋಡಿ ಬರುವಷ್ಟರಲ್ಲಿ ಗೋಡೆ ಬೋಳಾಗಿತ್ತು. ಅವಳ ಕೈಯಲ್ಲಿ ಹಸಿ ಅರಿವೆ; ಗೋಡೆಯಲ್ಲಿ ಉಳಿದದ್ದು ರಜೆಯ ಸಾಲೊಂದೇ. "ಯಪ್ಪಾ, ನನ್ನ ನೌಕರಿ ಹೋತು!" ಎಂದು ಹಣೆ ಹಿಡಿದುಕೊಂಡೆ. ಅದೇ ಗಳಿಗೆಗೆ ಆಫೀಸಿನಲ್ಲಿ ಫೋನು ಗಣಗಣ ಎಂದಿತು. ನನಗಿಂತ ಮೊದಲು ಅವಳೇ ಓಡಿದಳು.

"ಸಾಹೇಬ್ರ, ನಾ ಇವರ ಮನ್ಯಾಕಿ ಮಾತಾಡಾಕತ್ತೇನ್ರಿ. ನಾಳೆ ನನ್ನ ತಂಗಿದು ಕುಬಸ ಐತ್ರಿ, ಇವರಿಗೆ ಎರಡ ದಿನ ರಜಾ ಕೊಡ್ರಿ. ಮತ್ತ, ಗ್ವಾಡಿ ತುಂಬಿತ್ರಿ, ಹಳೇ ರೀಡಿಂಗ್ ಎಲ್ಲಾ ಒರಸೇನ್ರಿ."

ನಾನು ಕಣ್ಣು ಮುಚ್ಚಿದೆ. ಸಾಹೇಬರ ನಗು ನನಗೂ ಕೇಳಿಸಿತು.

"ಚಲೋ ಮಾಡಿದಿ ತಂಗೆವ್ವಾ. ನನಗ ಈಗಿನ ರೀಡಿಂಗ್ ಒಂದ ಸಾಕು. ನಿನ್ನ ಗಂಡ ಹಳೇದು ಓದಾಕ ಹತ್ತಿದ್ರ ನಾ ಫೋನ್ ಟೇಬಲ್ ಮ್ಯಾಲ ಇಟ್ಟು, ಚಾ ಕುಡದು, ಕಡೀಕ ಹೂಂ ಅಂತೇನಿ. ಸಂಜಿ ಬಸ್ಸಿಗೆ ಬದ್ಲಿ ಮನಶ್ಯಾನ ಕಳಸ್ತೇನಿ, ಹೋಗಿ ಬರ್ರಿ."

ಇದನ್ನೆಲ್ಲ ಈಗ ಬರೆದು ಹೆಮ್ಮೆಯಿಂದ ಗಂಗಾಳಿಗೆ ಓದಿ ಹೇಳಿದೆ. ಕಡಲೆ ಹಸನು ಮಾಡುತ್ತ ಪೂರ್ತಿ ಕೇಳಿದಳು. ಆಮೇಲೆ ತಲೆಯೆತ್ತಿ, "ಎಲ್ಲಾ ಖರೆ. ಆದ್ರ ಕುಬಸಕ್ಕ ಮುಟ್ಟಿದ್ವೋ ಇಲ್ಲೋ, ಅದನ್ನ ಮೊದಲ ಬರೀಬೇಕಿತ್ತಿಲ್ರಿ?" ಎಂದಳು.

ಮುಟ್ಟಿದೆವು. ಉಡಿ ತುಂಬಿದ್ದೂ ಆಯಿತು. ಏನು ಮಾಡಲಿ, ಅದರ ಸರತಿ ಈಗ ಬಂತು.