ಹಿಟ್ಟಿನ ಪಾಠ, ಅತ್ತೆಯ ಕೊಡೆ

ದೋಸೆ ಹಿಟ್ಟು ಉಬ್ಬುವುದನ್ನು ಮಕ್ಕಳಿಗೆ ತೋರಿಸುವುದರಲ್ಲಿ ತಪ್ಪಾಗುವಂಥದ್ದು ಏನೂ ಇಲ್ಲ. ಹಾಗಂತ ನಾನು ಪೂರ್ಣ ಆತ್ಮವಿಶ್ವಾಸದಿಂದ ನಂಬಿದ್ದೆ. ದಾವಣಗೆರೆಯಲ್ಲೇ ಹುಟ್ಟಿ ಬೆಳೆದವನಿಗೆ ದೋಸೆಯ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿಲ್ಲ. ನಲವತ್ತು ವರ್ಷಗಳಿಂದ ತಿನ್ನುತ್ತಿದ್ದೇನೆ!

ನನ್ನ ಮಗಳು ಚಿನ್ಮಯಿಗೆ ಒಂಬತ್ತು ವರ್ಷ. ಅವಳು ಶಾಲೆಗೆ ಹೋಗುವುದಿಲ್ಲ, ಮನೆಯಲ್ಲೇ ಕಲಿಯುತ್ತಾಳೆ. ದಾವಣಗೆರೆ, ಹರಿಹರ ಎರಡೂ ಸೇರಿ ನಮ್ಮಂಥ ಐದು ಕುಟುಂಬಗಳಿವೆ. ಪ್ರತಿ ಶನಿವಾರ ಯಾರದಾದರೂ ಮನೆಯಲ್ಲಿ ಕೂಡುತ್ತೇವೆ. ಸರದಿಯ ಮೇಲೆ ಒಬ್ಬ ಅಪ್ಪನೋ ಅಮ್ಮನೋ ಏನಾದರೊಂದನ್ನು ಮಾಡಿ ತೋರಿಸಬೇಕು. ಗುಂಪಿಗೆ ಇರುವುದು ಒಂದೇ ಕಾನೂನು: ಕೆಲಸ ಮಾಡುತ್ತಿರುವವರಿಗೆ ಯಾರೂ ಉತ್ತರ ಹೇಳಿಕೊಡಬಾರದು. ತಪ್ಪಾದರೆ ಆಗಲಿ, ಅವರೇ ನೋಡಿ ಕಲಿಯಲಿ. ಈ ಕಾನೂನನ್ನು ಬರೆದವನು ನಾನೇ. ನಿಟ್ಟುವಳ್ಳಿಯಲ್ಲಿ ನನ್ನದು ಫೋಟೋ ಫ್ರೇಮಿನ ಅಂಗಡಿಯಾದ್ದರಿಂದ, ಅದಕ್ಕೆ ಗಾಜು ಕಟ್ಟು ಹಾಕಿ ಐದೂ ಮನೆಗೆ ಹಂಚಿದ್ದೆ.

ಆ ಶನಿವಾರ ನನ್ನ ಸರದಿ. ಸಾಲದ್ದಕ್ಕೆ ಹಿಂದಿನ ದಿನವೇ ಆನಗೋಡಿನಿಂದ ಅತ್ತೆಯವರು ಬಂದಿದ್ದರು. ಹೊಲದ ಬದುವಿನ ಮೇಲೆ ನಿಂತೇ ಯಾವ ಆಳು ಕೆಲಸ ಕದಿಯುತ್ತಿದ್ದಾನೆ ಅಂತ ಹೇಳಬಲ್ಲ ಹೆಂಗಸು. ಬಂದವರೇ ಚೀಲದಿಂದ ಒಂದು ಶಾಲೆಯ ಪ್ರವೇಶದ ಫಾರಂ ತೆಗೆದು ನನ್ನ ಮುಂದಿಟ್ಟರು.

“ನೋಡ್ರಿ ಅಳಿಯಂದ್ರೆ, ನಿಮ್ ಪಾಠ ನಾನೂ ನೋಡ್ತೀನಿ. ಹುಡುಗಿ ಏನಾರ ಕಲ್ತಾಳೆ ಅಂದ್ರೆ ಮನೇಲೇ ಇರ್ಲಿ. ಇಲ್ಲಾಂದ್ರೆ ಈ ಫಾರಂ ತುಂಬಿ ಶಾಲೆಗೆ ಹಾಕ್ರಿ.”

“ಅವ್ವ ಹೇಳೋದು ನ್ಯಾಯ ಐತೆ,” ಅಂದಳು ನನ್ನ ಹೆಂಡತಿ ಗಿರಿಜಾ. ಚಿನ್ಮಯಿ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಮೆಲ್ಲಗೆ, “ಅಪ್ಪಾಜಿ, ನಂಗೆ ಶಾಲೆ ಬ್ಯಾಡ. ಚೆನ್ನಾಗಿ ಮಾಡ್ತೀಯಲ್ಲ?” ಅಂದಳು. ಅವಳ ತಲೆ ಸವರಿ, ಹೂಂ ಅಂದೆ.

ಶನಿವಾರ ಬೆಳಿಗ್ಗೆ ಐದಕ್ಕೇ ಎದ್ದು ಗ್ರೈಂಡರ್ ಮುಂದೆ ಕೂತೆ. ರಾತ್ರಿಯೇ ನೆನೆಸಿಟ್ಟಿದ್ದ ನಾಲ್ಕು ಲೋಟ ಉದ್ದಿನಬೇಳೆ, ಒಂದು ಲೋಟ ಅಕ್ಕಿ. ಗಿರಿಜಾ ಬಂದು ನೋಡಿದವಳೇ ಬಾಯಿ ತೆರೆದಳು.

“ರೀ, ಅದು ಉಲ್ಟಾ...”

“ಗಿರಿಜಾ! ಕಾನೂನು!” ಅಂತ ಗೋಡೆಯ ಫ್ರೇಮಿನ ಕಡೆ ಬೆರಳು ತೋರಿಸಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಪಾಪ, ಶಿಸ್ತಿನ ಹೆಂಗಸು ಅಂತ ಮೆಚ್ಚಿಕೊಂಡೆ.

ಮಧ್ಯಾಹ್ನದೊಳಗೆ ಹಿಟ್ಟು ಉಬ್ಬಬೇಕು, ಇಲ್ಲದಿದ್ದರೆ ಅತ್ತೆಯವರ ಮುಂದೆ ಮರ್ಯಾದೆ ಹೋಗುತ್ತದೆ. ಅದಕ್ಕೆ ಬೇಕರಿಯಿಂದ ಈಸ್ಟ್ ಪ್ಯಾಕೆಟ್ ತಂದೆ. ಬೇಕರಿಯವನು, “ಎಷ್ಟು ಹಿಟ್ಟಿಗೆ ಹಾಕ್ತೀರಿ? ಒಂದ್ ಚಮಚ...” ಅಂತ ಶುರು ಮಾಡಿದ. ಅವನನ್ನೂ ತಡೆದೆ. “ಏನೂ ಹೇಳಬ್ಯಾಡ್ರಿ. ನಮ್ದು ಬೇರೆ ಪದ್ಧತಿ.” ಪ್ಯಾಕೆಟ್ ಪೂರ್ತಿ ಸುರಿದೆ. ಮೇಲೊಂದು ಹಿಡಿ ಸಕ್ಕರೆಯನ್ನೂ ಹಾಕಿದೆ.

ಇನ್ನು ಹಿಟ್ಟನ್ನು ಆ ವಾರದ ಕೂಟವಿದ್ದ ಹರಿಹರಕ್ಕೆ ಒಯ್ಯುವುದು ಹೇಗೆ? ಪಾತ್ರೆಯಾದರೆ ಬಸ್ಸಿನಲ್ಲಿ ತುಳುಕುತ್ತದೆ. ಎರಡು ಲೀಟರಿನ ಮೂರು ಜ್ಯೂಸ್ ಬಾಟಲಿ ತೊಳೆದು, ಕುತ್ತಿಗೆಯವರೆಗೆ ಹಿಟ್ಟು ತುಂಬಿ, ಮುಚ್ಚಳವನ್ನು ಹಲ್ಲು ಕಚ್ಚಿ ಬಿಗಿ ಮಾಡಿದೆ. ಹೊರಗೆ ಏಪ್ರಿಲ್ ತಿಂಗಳ ದಾವಣಗೆರೆ ಬಿಸಿಲು. ಚಿನ್ಮಯಿ ಒಂದು ಮೂಲೆಯಲ್ಲಿ ಕೂತು ತನ್ನ ನೋಟ್‌ಬುಕ್ಕಿನಲ್ಲಿ ಏನೋ ಬರೆದಳು. ಆಮೇಲೆ ಅಜ್ಜಿಯ ಕಿವಿಯಲ್ಲಿ ಏನೋ ಹೇಳಿದಳು. ಅತ್ತೆಯವರು ಗಂಭೀರವಾಗಿ ತಲೆಯಾಡಿಸಿ ಗೂಟಕ್ಕೆ ನೇತುಹಾಕಿದ್ದ ಕೊಡೆಯನ್ನು ತೆಗೆದುಕೊಂಡರು. ಮೋಡದ ಸುಳಿವೇ ಇಲ್ಲ, ಇವರಿಗೆ ಕೊಡೆ ಯಾಕೋ ಅಂದುಕೊಂಡೆ. ಬಿಸಿಲಿಗಿರಬೇಕು.

ನಾಲ್ವರೂ ಬಸ್ಸು ಹತ್ತಿದೆವು. ಬಾಟಲಿಗಳ ಚೀಲ ನನ್ನ ತೊಡೆಯ ಮೇಲಿತ್ತು. ದಾವಣಗೆರೆ ದಾಟುವಷ್ಟರಲ್ಲಿ ಬಾಟಲಿಗಳು ಮೈ ತುಂಬಿಕೊಳ್ಳತೊಡಗಿದವು. ಹರಿಹರ ಮುಟ್ಟುವಷ್ಟರಲ್ಲಿ ಅವುಗಳ ಬುಡ ಉಬ್ಬಿ, ಒಂದೂ ನೆಟ್ಟಗೆ ನಿಲ್ಲುತ್ತಿರಲಿಲ್ಲ. ನನಗೆ ಬಹಳ ಸಂತೋಷವಾಯಿತು. ಪ್ರಯೋಗ ಯಶಸ್ವಿ! ಪಕ್ಕದ ಸೀಟಿನವರು ಮಾತ್ರ ಯಾಕೋ ಎದ್ದು ಹಿಂದೆ ಹೋಗಿ ನಿಂತರು.

ಅವತ್ತು ಕೂಟ ಹರಿಹರದ ಕೊಟ್ರೇಶಿಯವರ ಮನೆಯಲ್ಲಿ. ಹೋದ ವಾರವಷ್ಟೇ ಪಡಸಾಲೆಯ ಗೋಡೆಗಳಿಗೆ ತಿಳಿ ನೀಲಿ ಬಣ್ಣ ಹೊಡೆಸಿದ್ದರು. ಏಳೆಂಟು ಮಕ್ಕಳು, ಅಪ್ಪ ಅಮ್ಮಂದಿರು ಎಲ್ಲಾ ಸೇರಿದ್ದರು. ಮೇಲೆ ಫ್ಯಾನ್ ಜೋರಾಗಿ ತಿರುಗುತ್ತಿತ್ತು. ಟೀಪಾಯಿಯ ಮೇಲೆ ಒಂದು ಬಾಟಲಿ ಇಟ್ಟು, ಗಂಟಲು ಸರಿಮಾಡಿಕೊಂಡು, “ಮಕ್ಕಳೇ, ಹಿಟ್ಟಿನೊಳಗೆ ಜೀವ ಇದೆ,” ಅಂತ ಆರಂಭಿಸಿದೆ.

ಮಕ್ಕಳೆಲ್ಲಾ ಒಟ್ಟಿಗೆ ಮೂರು ಹೆಜ್ಜೆ ಹಿಂದೆ ಸರಿದರು. ಭಕ್ತಿ ಅಂತ ತಿಳಿದೆ. ಕೊಟ್ರೇಶಿ ಎರಡು ಸಲ ಬಾಯಿ ತೆರೆದು, ಗೋಡೆಯ ಮೇಲಿನ ನನ್ನ ಫ್ರೇಮು ನೋಡಿ, ಎರಡು ಸಲ ಮುಚ್ಚಿಕೊಂಡರು. ಅಷ್ಟರಲ್ಲಿ ಅತ್ತೆಯವರು ಪಡಸಾಲೆಯ ನಟ್ಟನಡುವೆ, ಕುರ್ಚಿಯಲ್ಲಿ ಕೂತಲ್ಲೇ, ಕೊಡೆ ಬಿಚ್ಚಿದರು. ಚಿನ್ಮಯಿ ಅದರ ಕೆಳಗೆ ಸೇರಿಕೊಂಡಳು. ವಯಸ್ಸಾಯಿತು, ಬಿಸಿಲು ತಲೆಗೆ ಹತ್ತಿದೆ ಅಂತ ನನಗೆ ಮರುಕ ಹುಟ್ಟಿತು.

ಮುಚ್ಚಳ ತಿರುಗಿಸಿದೆ.

ಡಬ್! ಮುಚ್ಚಳ ಎಲ್ಲಿಗೆ ಹೋಯಿತೋ ಇವತ್ತಿಗೂ ಸಿಕ್ಕಿಲ್ಲ. ಹಿಟ್ಟು ನೆಟ್ಟಗೆ ಮೇಲೆ ಹೋಗಿ ಫ್ಯಾನಿಗೆ ಬಡಿಯಿತು. ಫ್ಯಾನು ತನ್ನ ಕರ್ತವ್ಯವನ್ನು ನಿಷ್ಪಕ್ಷಪಾತವಾಗಿ ನಿರ್ವಹಿಸಿತು. ನಾಲ್ಕೂ ಗೋಡೆಗೆ, ಕಿಟಕಿ ಪರದೆಗೆ, ಟಿವಿಗೆ, ಕೊಟ್ರೇಶಿಯವರ ಮೀಸೆಗೆ ಸಮಪಾಲು! ನನ್ನ ಕನ್ನಡಕದ ಮೇಲೆ ಎರಡು ಸೆಟ್ ದೋಸೆಗಾಗುವಷ್ಟು ಹಿಟ್ಟಿತ್ತು. ಪಡಸಾಲೆಯಲ್ಲಿ ಶುಭ್ರವಾಗಿ ಉಳಿದವರು ಇಬ್ಬರೇ.

“ಯಾರಿಗೂ ಗೊತ್ತಿರಲಿಲ್ವೇನ್ರಿ ಇದು?” ಅಂತ ಕೂಗಿದೆ.

“ಎಲ್ರಿಗೂ ಗೊತ್ತಿತ್ರಿ,” ಅಂದರು ಕೊಟ್ರೇಶಿ, ಮೀಸೆ ಒರೆಸಿಕೊಳ್ಳುತ್ತ. “ಹೇಳೋಂಗಿರ್ಲಿಲ್ಲ. ನಿಮ್ದೇ ಕಾನೂನು.”

ಅಷ್ಟರಲ್ಲಿ ಚೀಲದೊಳಗಿನ ಇನ್ನೆರಡು ಬಾಟಲಿಗಳು ಕಿರ್ ಕಿರ್ ಅನ್ನತೊಡಗಿದವು. ನಾನು ಅತ್ಯಂತ ಘನತೆಯಿಂದ ಸೋಫಾದ ಹಿಂದೆ ಅಡಗಿದೆ. ಚಿನ್ಮಯಿ ಕೊಡೆಯ ಕೆಳಗಿನಿಂದ ಎದ್ದು ಬಂದಳು. “ಕೊಟ್ರೇಶಿ ಮಾಮ, ಹಿತ್ಲಿಗೆ ತರ್ರಿ. ಅಲ್ಲಾಡಿಸಬ್ಯಾಡ್ರಿ,” ಅಂದಳು. ಹಿತ್ತಲಲ್ಲಿ ಬಾಟಲಿಗಳನ್ನು ಬಕೆಟಿನ ತಣ್ಣೀರಲ್ಲಿ ಇಡಿಸಿ ತುಸು ಹೊತ್ತು ಕಾದಳು. ಆಮೇಲೆ ಮುಚ್ಚಳದ ಮೇಲೆ ಒದ್ದೆ ಬಟ್ಟೆ ಹಾಕಿಸಿ, ಕೊಟ್ರೇಶಿಯವರ ಕೈಯಿಂದ ಕೂದಲೆಳೆಯಷ್ಟು ತಿರುಗಿಸಿದಳು. ಉಸ್ಸ್... ನಿಲ್ಲಿಸಿದಳು. ಮತ್ತೆ ಒಂಚೂರು. ಉಸ್ಸ್... ಒಂದು ಹನಿ ಹಿಟ್ಟೂ ಹೊರಗೆ ಬರಲಿಲ್ಲ.

“ಹಂಗ್ಯಾಕ ಮಾಡಿದಿ?” ಅಂತ ಅಜ್ಜಿ ಕೇಳಿದರು.

“ಹಿಟ್ಟು ಹುಳಿ ಬರುವಾಗ ಗಾಳಿ ಹುಟ್ತೈತೆ ಅಜ್ಜಿ. ಬಿಸ್ಲಿಗೆ ಜಾಸ್ತಿ. ಹೋಗಾಕ ಜಾಗ ಬೇಕಲ್ಲ? ತಂಪು ಮಾಡಿ ನಿಧಾನ ಬಿಡ್ಬೇಕು.”

ಅತ್ತೆಯವರು ಅವಳ ನೋಟ್‌ಬುಕ್ ತೆಗೆಸಿ ನನ್ನ ಕೈಗೇ ಕೊಟ್ಟು ಓದಲು ಹೇಳಿದರು. ದುಂಡನೆಯ ಅಕ್ಷರ: ‘ಬೆಳಿಗ್ಗೆ ಹತ್ತು ಗಂಟೆ. ಅಪ್ಪಾಜಿ ಬಾಟಲಿಯಲ್ಲಿ ಜಾಗ ಬಿಟ್ಟಿಲ್ಲ. ಹರಿಹರದಲ್ಲಿ ಸಿಡಿಯುತ್ತದೆ. ಅಜ್ಜಿಗೆ ಕೊಡೆ ತರಲು ಹೇಳಿದೆ. ಅಪ್ಪಾಜಿಗೆ ಹೇಳುವಂತಿಲ್ಲ.’

ನನಗೆ ನಾಚಿಕೆಯೂ ಆಯಿತು, ಅಳು ಬರುವಷ್ಟು ಹೆಮ್ಮೆಯೂ ಆಯಿತು. ಕನ್ನಡಕ ಒರೆಸುವ ನೆಪದಲ್ಲಿ ಕಣ್ಣೂ ಒರೆಸಿಕೊಂಡೆ.

“ಹುಡುಗಿ ಮನೇಲೇ ಇರ್ಲಿ ಬಿಡ್ರಿ,” ಅಂದರು ಅತ್ತೆ. ಚಿನ್ಮಯಿ ಕುಣಿದಾಡಿಬಿಟ್ಟಳು. ನಾನು ನಿಟ್ಟುಸಿರು ಬಿಟ್ಟೆ. ಆದರೆ ಅವರು ತಮ್ಮ ಚೀಲದಿಂದ ಫಾರಂ ತೆಗೆದೇ ತೆಗೆದರು. “ಇಷ್ಟ್ ದೂರ ತಂದೀನಿ, ಸುಮ್ನೆ ಯಾಕ ಹಾಳ್ ಮಾಡ್ಬೇಕು? ಪೆನ್ನು ಕೊಡವ್ವ ಗಿರಿಜಾ.”

ವಿದ್ಯಾರ್ಥಿಯ ಹೆಸರು ಅನ್ನುವ ಕಡೆ ನನ್ನ ಹೆಸರು ಬರೆಸಿದರು. ಯಾವ ತರಗತಿ ಅಂತ ಗಿರಿಜಾ ಕೇಳಿದ್ದಕ್ಕೆ ಮಕ್ಕಳೆಲ್ಲಾ ಒಕ್ಕೊರಲಿನಿಂದ, “ಎಲ್‌ಕೆಜಿ!” ಅಂದರು. ಯಾರೂ ಉತ್ತರ ಹೇಳಿಕೊಡಬಾರದು ಅನ್ನುವ ಕಾನೂನು ಆಗ ಮಾತ್ರ ಒಬ್ಬರಿಗೂ ನೆನಪಾಗಲಿಲ್ಲ.

ಫಾರಂ ಈಗ ನಮ್ಮ ಮನೆಯ ಗೋಡೆಯ ಮೇಲಿದೆ. ಅದಕ್ಕೆ ಗಾಜು ಕಟ್ಟು ಹಾಕಿದವನೂ ನಾನೇ. ಕೆಳಗೆ ಪೋಷಕರ ಸಹಿ ಅನ್ನುವಲ್ಲಿ ದುಂಡಗೆ ಬರೆದಿದೆ: ಚಿನ್ಮಯಿ.