ಬಕೆಟ್ ತಿನ್ನುವ ಮಷಿನ್

ಮಷಿನ್ ಮಾಡುವವನು ನಗಲಿಕ್ಕೆ ಎಲ್ಲಿಗೂ ಹೋಗಬೇಕಾಗಿಲ್ಲ. ನಗುವೇ ಅಂಗಡಿಗೆ ಬರತದ.

ನನ್ನದು ಶಹಾಬಜಾರದಾಗ ಸಣ್ಣ ವೆಲ್ಡಿಂಗ್ ಅಂಗಡಿ. ಹೆಂಡತಿ ತೀರಿಕೊಂಡು ವರ್ಷ ತುಂಬಿರಲಿಲ್ಲ. ಮನಿಗೆ ಹೋಗಲಿಕ್ಕೆ ಮನಸ್ಸಾಗತಿರಲಿಲ್ಲ. ಆಕಿ ತಂಗಿ ಕಮಲಾಪುರದಾಗ ಹೆಣ್ಣುಮಕ್ಕಳ ಸಂಘ ನಡಸ್ತಾಳ. ಕಸದಾಗಿನ ಪ್ಲಾಸ್ಟಿಕ್ ಆರಿಸಿ ಮಾರತಾರ.

"ಮಾಮಾ, ಇಡೀ ಇಡೀ ಬಕೆಟ್ ಗಾಡ್ಯಾಗ ಹಿಡಿಯೂದಿಲ್ಲ. ಚೂರು ಮಾಡೋ ಸಣ್ಣ ಮಷಿನ್ ಮಾಡಿಕೊಡ್ರಿ. ಸಂಘದವರ ಮುಂದ ನಡದರ ತಗೋತೀವಿ" ಅಂದಳು.

ಹೂಂ ಅಂದೆ.

ಗಿರಣಿ

ನಮ್ಮ ಗಲ್ಲಿ ಸಣ್ಣದು. ಮಷಿನ್ನೂ ಹೊಲಿಗಿ ಮಷಿನ್‌ನಷ್ಟೇ ಮಾಡಿದೆ. ಮ್ಯಾಲ ಡಬ್ಬಿ ಕೂಡಿಸಿದ ದಿನ ಎದುರುಮನಿ ಆಯಿ ಜೋಳದ ಪುಟ್ಟಿ ಹೊತ್ತುಕೊಂಡು ಬಂದಳು.

"ಸಣ್ಣಗ ಬೀಸಪಾ."

"ಆಯಿ, ಇದು ಪ್ಲಾಸ್ಟಿಕ್ ಬೀಸೋದು."

ಆಕಿ ಪುಟ್ಟಿ ಕೆಳಗಿಟ್ಟು ಗಲ್ಲಕ್ಕ ಕೈ ಹಚ್ಚಿದಳು.

"ಹೆಂಡತಿ ಹೋದಮ್ಯಾಲ ಏನ್ ಉಣ್ಣಲಾಕತ್ತೀಯೋ ಯಪ್ಪಾ!"

ಸಂಜಿಗೆ ಅವರ ಮನಿಯಿಂದ ಎರಡು ರೊಟ್ಟಿ, ಪಲ್ಯ ಬಂದವು.

ಜೋಡಿ ಬ್ಲೇಡು

ಮೊದಲ ಸಲ ಒಂದು ಹಳೇ ಮಗ್ ಹಾಕಿದೆ. ಬ್ಲೇಡು ತಿರುಗಿತು. ಮಗ್ಗೂ ಅದರ ಕೂಡ ತಿರುಗಿತು. ಕಡೀಲಿಲ್ಲ. ಬಾಜು ಲೇತ್ ಅಂಗಡಿ ಭಾಯಿ ಬಗ್ಗಿ ನೋಡಿದ.

"ತಿರಗೋ ಬ್ಲೇಡಿಗೆ ಎದುರು ನಿಂದ್ರೋ ಬ್ಲೇಡು ಬೇಕು ಭಾಯಿ. ಒಂಟಿ ಇದ್ದರ ಬರೇ ತಿರಗೋದೇ ಆಗತದ. ಜೋಡಿ ಮಾಡು."

ಅಂದವನೇ ನಾಲಿಗಿ ಕಚ್ಚಿಕೊಂಡ. ಚಹಾ ತರಿಸಿದ. ಅದು ಮುಗಿಯೋದರಾಗ ಇನ್ನೊಂದು ತರಿಸಿದ.

"ಮಷಿನ್‌ಗಷ್ಟೇ ಹೇಳಿದ್ದು" ಅಂದ.

ನಾನೂ ಎರಡನೇ ಬ್ಲೇಡು ಮಷಿನ್‌ಗಷ್ಟೇ ಹಚ್ಚಿದೆ.

ಕಮಲಾಪುರದಾಗ

ಮಷಿನ್ ಆಟೋದಾಗ ಒಯ್ದೆ. ಕೂಡ ಹೆಂಡತಿಯ ನೀಲಿ ಬಕೆಟ್. ಒಡೆದದ್ದು. ಆಕಿ ನೆನಪಿಗೆ ಅಂತ ಇಟ್ಟುಕೊಂಡಿದ್ದೆ. ಅಷ್ಟು ದಪ್ಪದ್ದು ಕಡದರ ಮಷಿನ್ ಏನು ಬೇಕಾದರೂ ಕಡೀತದ ಅಂತ ತಂದಿದ್ದೆ.

ಶೆಡ್ಡಿನ ತುಂಬ ಹೆಣ್ಣುಮಕ್ಕಳು, ಎಲ್ಲರ ಕೈಯಾಗೂ ತಮ್ಮ ತಮ್ಮ ಮನಿ ಒಡಕ ಬಕೆಟ್. ಮಷಿನ್ ಚಾಲೂ ಮಾಡಿದೆ. ಯಾರೂ ಹಾಕಲಿಲ್ಲ.

"ಇದರಾಗ ತುಳಸಿ ಹಚ್ಚಬಹುದು" ಅಂದಳು ಒಬ್ಬಾಕಿ.

"ನಂದು ಚಲೋನೇ ಅದ ರೀ, ತಳ ಒಂದೇ ಇಲ್ಲ" ಅಂದಳು ಇನ್ನೊಬ್ಬಾಕಿ.

ನಾದಿನಿ ಸೋತಳು. "ಮಾಮಾ, ನೀವರೆ ಹಾಕ್ರಿ."

ನನ್ನ ಕೈ ಬಕೆಟ್ ಬಿಡಲಿಲ್ಲ. "ನಿಮ್ಮಕ್ಕನ ಬಕೆಟ್ ಇದು" ಅಂದೆ.

"ನಮ್ಮಕ್ಕ ಇದನ್ನ ತಿಪ್ಪಿಗೆ ಒಗೀರಿ, ಒಗೀರಿ ಅಂತ ಬಡಕೊಂಡಳು! ನೀವೇ ಬೆಸಿಗಿ ಹಾಕಿ ಹಾಕಿ ಇಟ್ಟೀರಿ!"

ಕಸಗೊಂಡಳು. ಕಾಲಲೆ ತುಳದು ಚಪ್ಪಟಿ ಮಾಡಿ ಡಬ್ಬಿಯೊಳಗ ತುರುಕಿದಳು. ಮಷಿನ್ ಒಂದು ಸಲ ಕೆಮ್ಮಿ ಕರಕರ ಕಡೀತು. ಕೆಳಗ ನೀಲಿ ಚೂರು ಸುರುದವು. ನನಗ ನಗು ಬಂತು, ಭಾಳ ದಿನದ ಮ್ಯಾಲ. ಹೆಂಡತಿ ಇದ್ದಿದ್ದರ ಚಪ್ಪಾಳಿ ಹೊಡೀತಿದ್ದಳು.

ಅಷ್ಟರಾಗ ತುಳಸಿಯಾಕಿ ತಳ ಇಲ್ಲದ ಬಕೆಟ್ ಕಸಗೊಂಡು ಮಷಿನ್‌ಗೆ ಹಾಕಿದಳು. ತಳ ಇಲ್ಲದಾಕಿ ತುಳಸಿಯಾಕಿ ಬಕೆಟ್ ಎಳಕೊಂಡಳು. ಅರ್ಧ ತಾಸಿನಾಗ ಎಲ್ಲರ ಕೈ ಖಾಲಿ. ತನ್ನ ಬಕೆಟ್ ತಾನೇ ಹಾಕಿದಾಕಿ ಮಾತ್ರ ಒಬ್ಬಾಕಿನೂ ಇಲ್ಲ.

ನಾದಿನಿ ಬೆವರು ಒರಸಿಕೊಂಡಳು.

"ಮಷಿನ್ ಇಲ್ಲೇ ಇರಲಿ ಮಾಮಾ. ಮುಂದಿನ ವಾರ ಎಲ್ಲಾರಿಗೂ ಬಾಜುಮನಿ ಬಕೆಟ್ ತರ್ರಿ ಅಂತ ಹೇಳತೀನಿ."