ಗುಂಡಿ ಒತ್ತಿದರೆ ಚಪ್ಪಾಳೆ

ಗಂಗಾವತಿಯಲ್ಲಿ ನನ್ನದೊಂದು ಸಣ್ಣ ರೆಕಾರ್ಡಿಂಗ್ ಕೋಣೆ ಇದೆ. ಯಾರಾದರೂ ಬಂದು "ಮತ್ತೇನ್ರಿ ಹೊಸಾದು?" ಎಂದರೆ ಹೇಳಲು ಏನಾದರೊಂದು ಇದ್ದೇ ಇರುತ್ತದೆ. ಹೇಳಿದ ಮೇಲೆ ಅವರು ನಗುತ್ತಾರೆ, ನನಗೆ ನಗು ಬರುವುದಿಲ್ಲ. ಎಲ್ಲದರ ಮೂಲ ಮಿಡಿ ಎಂಬ ಒಂದು ವೈರು. ಕೀಬೋರ್ಡಿನಿಂದ ಹೊರಟು ರೆಕಾರ್ಡರಿಗೂ ಹಾಡು ನುಡಿಸುವ ಪೆಟ್ಟಿಗೆಗೂ ಹೋಗುವ ಈ ವೈರಿನಲ್ಲಿ ಧ್ವನಿ ಹರಿಯುವುದಿಲ್ಲ, ಬರೀ ಹುಕುಂ ಹರಿಯುತ್ತದೆ: ಶುರು ಮಾಡು, ನಿಲ್ಲಿಸು, ಇದನ್ನು ನುಡಿಸು. ಪೆಟ್ಟಿಗೆ ಮರುಮಾತಿಲ್ಲದೆ ಕೇಳುತ್ತದೆ. ತಕರಾರೆಲ್ಲ ಮನುಷ್ಯರದು.

ಕೈ ಆಡಿಸುವ ಕೆಲಸ

ಕುಷ್ಟಗಿಯ ಒಂದು ಮದುವೆಗೆ ನಾನು ಕೀಬೋರ್ಡ್ ನುಡಿಸುವ ಆರ್ಕೆಸ್ಟ್ರಾ ಹೋಗಿತ್ತು. ಡೋಲಕ್, ಕೊಳಲು ಎಲ್ಲವನ್ನೂ ಮಾಲೀಕರು ಮೊದಲೇ ರೆಕಾರ್ಡ್ ಮಾಡಿಸಿದ್ದರು. ನಾನು ಒಂದು ಕೀ ಒತ್ತಿದರೆ ಎಲ್ಲವೂ ಒಟ್ಟಿಗೆ ಶುರು. ಆದರೂ ವೇದಿಕೆ ಬಿಕೋ ಎನ್ನಬಾರದಲ್ಲ, ಹಳೆಯ ಡೋಲಕ್ ವಾದಕರೊಬ್ಬರನ್ನೂ ಕೂರಿಸಿ ಮಾಲೀಕರು ಹೇಳಿದ್ದರು:

"ನೀವು ಬಾರಸಬ್ಯಾಡ್ರಿ, ಬರೀ ಕೈ ಆಡಸ್ರಿ. ನಕ್ಕೋಂತ ಆಡಸ್ರಿ."

ಅವರು ನಗುತ್ತಲೇ ಆಡಿಸಿದರು. ಹಾಡಿನ ನಡುವೆ ಕರೆಂಟು ಹೋಯಿತು. ಸಂಗೀತವೆಲ್ಲ ಬಂದ್. ಡೋಲಕ್ ವಾದಕರ ಕೈ ಮಾತ್ರ ಆಡುತ್ತಲೇ ಇತ್ತು. ಮಾಲೀಕರು ಓಡಿ ಬಂದರು: "ಈಗ ಬಾರಸ್ರಿ! ಖರೇನ ಬಾರಸ್ರಿ!"

"ಹ್ಯಾಂಗ ಬಾರಸ್ಲಿ? ಚರ್ಮ ಹರದು ಭಾಳ ದಿನ ಆತು. ಹೊಸಾದು ಹಾಕಸ್ರಿ ಅಂದ್ರ, ಬಾರಸೂದ ಇಲ್ಲ, ಯಾಕ ಬೇಕು ಅಂದಿದ್ರಿ."

ಹಾಗೆಂದವರೇ ಡೋಲಕ್ಕಿನ ಹರಿದ ಬಾಯಿಯೊಳಗೆ ಕೈಹಾಕಿ ರೊಟ್ಟಿಯ ಗಂಟು ತೆಗೆದರು. "ಕರೆಂಟ್ ಬರೂತನಕ ಉಂಡ ಬಿಡ್ತೀನ್ರಿ."

ಚಪ್ಪಾಳೆಯ ಕೀ

ಯಲಬುರ್ಗಾ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬ ಮುಖಂಡರ ಸಭೆ. ಜನ ಚಪ್ಪಾಳೆ ಹೊಡೆಯುವುದಿಲ್ಲ ಎಂಬುದು ಅವರ ಕಡೆಯವರಿಗೆ ಮೊದಲೇ ಗೊತ್ತಿತ್ತು. ಹಾಗಾಗಿ ಒಂದು ಕೀಗೆ ಚಪ್ಪಾಳೆ, ಇನ್ನೊಂದಕ್ಕೆ ಜೈಕಾರ ತುಂಬಿಸಿಕೊಂಡು ನಾನು ವೇದಿಕೆಯ ಮಗ್ಗುಲಲ್ಲಿ ಕೂತಿದ್ದೆ. ಕಾರ್ಯಕರ್ತನೊಬ್ಬ ಕಿವಿಯಲ್ಲಿ ಹೇಳಿದ: "ಸಾಹೇಬ್ರು ಮಾತು ನಿಲ್ಲಿಸಿದ ಕೂಡ್ಲೇ ಒತ್ರಿ. ವಿಚಾರ ಮಾಡಾಕ ಹೋಗಬ್ಯಾಡ್ರಿ."

ಸಾಹೇಬರು ಮಾತು ನಿಲ್ಲಿಸಿದಲ್ಲೆಲ್ಲ ಒತ್ತಿದೆ. ಅಷ್ಟರಲ್ಲಿ ಹೆಂಗಸರ ನಡುವಿಂದ ಒಬ್ಬ ಅಜ್ಜಿ ಎದ್ದು ಕೂಗಿದಳು: "ನಳಾ ಹಾಕ್ಸಿ ಹೋದ್ರಿ, ಹನಿ ನೀರು ಬಂದಿಲ್ಲ. ಯಾವಾಗ ಬರ್ತಾವ, ಹೇಳಿ ಹೋಗ್ರಿ!"

ಸಾಹೇಬರ ಮಾತು ನಿಂತಿತು. ನಾನು ಒತ್ತಿದೆ.

ಅಷ್ಟು ದೊಡ್ಡ ಚಪ್ಪಾಳೆ ಆ ಸಂಜೆ ಬಿದ್ದಿರಲಿಲ್ಲ, ಯಾಕೆಂದರೆ ಈ ಸಲ ಜನರೂ ಕೂಡಿಕೊಂಡಿದ್ದರು. ಸಾಹೇಬರು ಕೈಮುಗಿದು "ನಿಮ್ಮ ಪ್ರೀತಿ ಹಿಂಗ ಇರ್ಲಿ" ಎಂದು ಇಳಿದು ಕಾರು ಹತ್ತಿದರು. ಅಜ್ಜಿ ಸೀದಾ ನನ್ನ ಬಳಿ ಬಂದಳು.

"ನೀರು ಕೇಳಿದ್ರ ಚಪ್ಪಾಳಿ ಕೊಟ್ಟಿಯಲ್ಲೋ ಯಪ್ಪಾ, ಇದರಾಗ ಕೊಡ ತುಂಬತೈತೇನು?"

ಛಲೋ ಬಂದ ರೆಕಾರ್ಡಿಂಗ್

ತತ್ವಪದ ಹಾಡುವ ಒಬ್ಬ ಹಿರಿಯ ಹೆಣ್ಣುಮಗಳನ್ನು ಕೊಪ್ಪಳದ ಹತ್ತಿರದ ಊರಿನಿಂದ ಗುಡಿ ಕಮಿಟಿಯವರು ನನ್ನ ಕೋಣೆಗೆ ಕರೆತಂದಿದ್ದರು. ಅವರ ಪದ ಗುಡಿಯ ಮೈಕಿನಲ್ಲಿ ದಿನಾ ಕೇಳಬೇಕೆಂಬುದು ಊರವರ ಆಸೆ. ನನ್ನ ಕೈ ಕೀಬೋರ್ಡಿನ ಮೇಲೆ, ರೆಕಾರ್ಡರಿನ ಹುಕುಂ ಕಾಲಡಿಯ ಪೆಡಲಿನಲ್ಲಿ. ಒಮ್ಮೆ ತುಳಿದರೆ ಶುರು, ಮತ್ತೆ ತುಳಿದರೆ ಬಂದ್. ಶುರುವಾದರೆ ರೆಕಾರ್ಡರಿನ ಕೆಂಪು ದೀಪ ಹತ್ತುತ್ತದೆ.

ಕಮಿಟಿಯ ಅಧ್ಯಕ್ಷರು ಒಳಗೆ ಬಂದವರೇ ತಮ್ಮ ಶಾಲು ತೆಗೆದು ಆ ರೆಕಾರ್ಡರಿನ ಮೇಲೆ ಹಾಕಿದರು. ಹೋಗಿ ಕೂರುವಾಗ ಪೆಡಲನ್ನು ತುಳಿದಿದ್ದರು. ದೀಪ ಶಾಲಿನಡಿ ಮುಚ್ಚಿದ್ದರಿಂದ ಅದು ನಮಗೆ ಆಮೇಲೆ ತಿಳಿಯಿತು.

ಆ ಅಮ್ಮ ಕಣ್ಣು ಮುಚ್ಚಿ ಹಾಡಿದರು. ಕೊನೆಯ ಸಾಲಿಗೆ ಬಂದಾಗ ಕೆನ್ನೆ ಒದ್ದೆಯಾಗಿತ್ತು. "ಇನ್ನ ಇಷ್ಟು ಛಲೋ ನನಗ ಬರೂದಿಲ್ರಿ" ಎಂದು ಬಾಯಿ ಮುಕ್ಕಳಿಸಲು ಹೊರಗೆ ಹೋದರು. ತಿರುಗಿ ಬಂದ ಮೇಲೆ ಎಲ್ಲರೂ ಕೈಕಟ್ಟಿ ನಿಂತರು. ನಾನು ಕೀ ಒತ್ತಿ ಕೇಳಿಸಿದೆ.

ಪದ ಇರಲಿಲ್ಲ. ನಾನು ಶುರು ಎಂದು ತುಳಿದದ್ದು ಬಂದ್ ಆಗಿತ್ತು, ಬಂದ್ ಎಂದು ತುಳಿದದ್ದು ಶುರು. ಅಮ್ಮ ಹೊರಗೆ ಹೋಗಿದ್ದಾಗ ಅಧ್ಯಕ್ಷರು ಆಡಿದ ಮಾತು ಸ್ಪೀಕರಿನಿಂದ ಬಂತು:

"ಮುದುಕಿ ಧ್ವನಿ ಮುಗದೈತ್ರಿ, ತಗಡು ಬಡದಂಗಾಗೈತಿ. ಹೆಸರು ಐತಿ ಅಂತ ಕರಸೇವಿ. ಬಾಜೂಕ ನಿಂತು ಒಂದ್ ಫೋಟೋ ಹೊಡಸ್ಕೊಂಡ್ರ ಮುಗೀತು."

ಗಾಬರಿಯಲ್ಲಿ ನಿಲ್ಲಿಸಲು ಹೋದೆ. ಅಮ್ಮ ನನ್ನ ಕೈ ಹಿಡಿದರು. "ಇರ್ಲಿ ತಮ್ಮಾ, ಪೂರ್ತಿ ಆಗ್ಲಿ."

ಪೂರ್ತಿ ಆಯಿತು. ಅಮ್ಮ ಸೆರಗು ಸರಿಮಾಡಿಕೊಂಡು ಎದ್ದರು.

"ಭಾಳ ಛಲೋ ಬಂದೈತ್ರಿ ಅಧ್ಯಕ್ಷರ. ಒಂದಕ್ಷರ ಬಿಡದಂಗ ಕೇಳಸ್ತೈತಿ. ನನ್ನ ಪದ ಬ್ಯಾಡ, ಗುಡಿ ಮೈಕಿನಾಗ ದಿನಾ ಮುಂಜಾನೆ ಇದನ್ನ ಹಚ್ರಿ."